ನಾನು, ಬಸ್ತ್ಯಾಂವನ ಮೋಟಾರು ಗರಗಸ

ನಾನು ಒಂದು ಮೋಟಾರು ಗರಗಸ. ಮರ ಕೊಯ್ಯುವ ಮಷಿನು ಎಂದರೂ ಸರಿ, ಚೈನ್ ಸಾ ಎಂದರೂ ಓಗೊಡುತ್ತೇನೆ. ಆದರೆ ಈಗ ಅಂಗಡಿಯಲ್ಲಿ ಸಿಗುವ, ಒಂದೇ ಕೈಯಲ್ಲಿ ಎತ್ತಿ ಆಡಿಸಬಹುದಾದ ಪ್ಲಾಸ್ಟಿಕ್ ಮೈಯವುಗಳ ಸಾಲಿನಲ್ಲಿ ದಯವಿಟ್ಟು ನನ್ನನ್ನು ಸೇರಿಸಬೇಡಿ. ನನ್ನನ್ನು ಎತ್ತಲು ಸೊಂಟದಲ್ಲಿ ಕಸುವು ಬೇಕು. ಎತ್ತಿದ ಮೇಲೆ ಹಿಡಿದು ನಿಲ್ಲಲು ಗುಂಡಿಗೆ ಬೇಕು. ಎರಡೂ ಇದ್ದವರು ನನ್ನ ಬಾಳಿನಲ್ಲಿ ಇಬ್ಬರೇ ಸಿಕ್ಕರು. ಒಬ್ಬ ಗಂಡಸು, ಒಬ್ಬ ಹೆಂಗಸು.

ಹುಟ್ಟಿದ್ದು ಕಡಲಾಚೆಯ ಒಂದು ಚಳಿದೇಶದ ಕಾರ್ಖಾನೆಯಲ್ಲಿ. ಕೊನೆಯ ನಟ್ಟು ಬಿಗಿದವನು ನನ್ನನ್ನು ಚಾಲೂ ಮಾಡುವ ಹಗ್ಗ ಎಳೆದ. ನಾನು ಕೂಗಿದೆ. ಕೂಸು ಅತ್ತಾಗ ಸೂಲಗಿತ್ತಿ ಸಮಾಧಾನಪಡುವಂತೆ ಅವನೂ ತಲೆಯಾಡಿಸಿ, ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಮಲಗಿಸಿ ಮೊಳೆ ಹೊಡೆದ. ಮತ್ತೆ ಬೆಳಕು ಕಂಡದ್ದು ದಾಂಡೇಲಿಯ ಕಾಡಿನಲ್ಲಿ, ಪುರುಷೋತ್ತಮ ಶೇಠ ಎಂಬ ಕಟ್ಟಿಗೆ ಗುತ್ತಿಗೆದಾರನ ಕ್ಯಾಂಪಿನಲ್ಲಿ. ಕೊಡಲಿ ಹಿಡಿದ ಆಳುಗಳು ಸುತ್ತ ನಿಂತಿದ್ದರು. ಪಕ್ಕದಲ್ಲಿ ದಿಮ್ಮಿ ಎಳೆಯುವ ಹೆಣ್ಣಾನೆ ಚಂದ್ರಾವತಿ ಸೊಪ್ಪು ಮೆಲ್ಲುತ್ತಿತ್ತು. ಯಾರೋ ಹಗ್ಗ ಎಳೆದರು, ನಾನು ಕೂಗಿದೆ ನೋಡಿ, ಚಂದ್ರಾವತಿ ಸರಪಳಿ ಕಿತ್ತುಕೊಂಡು ಓಡಿದ್ದೇ ಓಡಿದ್ದು! ಹಿಂದೆ ಮಾವುತ, ಅವನ ಹಿಂದೆ ಅರ್ಧ ಕ್ಯಾಂಪು.

"ಇದನ್ನ ಯಾರ ಹಿಡೀತೀರಲೇ?" ಎಂದ ಶೇಠ. ಉಳಿದವರೆಲ್ಲ ಒಂದೊಂದು ಹೆಜ್ಜೆ ಹಿಂದೆ ಸರಿದರು.

"ತರ್ರಿ ಇಲ್ಲೆ. ಆನಿ ಓಡಿದ್ರ ನಾ ಯಾಕ ಓಡ್ಲಿ?" ಎಂದು ಒಬ್ಬ ಹರೆಯದವನು ಮುಂದೆ ಬಂದ. ಅವನೇ ಬಸ್ತ್ಯಾಂವ ಸಿದ್ದಿ.

ಅವತ್ತಿನಿಂದ ನಾವಿಬ್ಬರೂ ಜೋಡಿ. ಸಾಗವಾನಿ, ಮತ್ತಿ, ನಂದಿ, ಯಾವ ಮರವಾದರೂ ಸರಿ, ಮೊದಲು ತೊಗಟೆಯ ಮೇಲೆ ಅಂಗೈ ಇಟ್ಟು ತಲೆ ಎತ್ತಿ ನೋಡುತ್ತಿದ್ದ. ಯಾವ ಕಡೆ ಬೀಳಬೇಕೆಂದು ಅವನು ಹೇಳಿದರೆ ಮರ ಆ ಕಡೆಗೇ ಬೀಳುತ್ತಿತ್ತು. ನನ್ನ ಹಿಡಿ ಅವನ ಕೈಗೆ ದಪ್ಪವಾಯಿತೆಂದು ಅರ ಹಾಕಿ ಉಜ್ಜಿ, ಮೇಲೆ ಬೆತ್ತದ ಸೀಳು ಸುತ್ತಿದ. ಎಣ್ಣೆ ಕಡಿಮೆಯಾದರೆ, ಗಾಳಿ ಹೆಚ್ಚಾದರೆ ನನ್ನ ದನಿಯಲ್ಲೇ ಹಿಡಿಯುತ್ತಿದ್ದ. ಕಿವಿಗೆ ಒಂದು ಬಟ್ಟೆ ಚೂರನ್ನಾದರೂ ತುರುಕಿಕೊಳ್ಳಪ್ಪ ಎಂದು ಆ ಕಾಲದಲ್ಲಿ ಯಾರೂ ಅವನಿಗೆ ಹೇಳಲಿಲ್ಲ. ವರ್ಷ ಕಳೆದಂತೆ ಹಕ್ಕಿಯ ದನಿ ಹೋಯಿತು, ಆಮೇಲೆ ಮಾತು ಹೋಯಿತು, ಕಟ್ಟಕಡೆಗೆ ನನ್ನ ಕೂಗೂ ಅವನಿಗೆ ಕೇಳದಾಯಿತು. ಆಗ ಅಂಗೈಯಲ್ಲೇ ನನ್ನನ್ನು ಕೇಳತೊಡಗಿದ. ನನಗೆ ಅವನ ಮೇಲೆ ಪ್ರೀತಿ ಹುಟ್ಟಿದ್ದು ಆಗಲೇ ಎಂದು ಕಾಣುತ್ತದೆ.

ಮುಂದೆ ಸರ್ಕಾರ ಆ ಕಾಡಿನಲ್ಲಿ ಮರ ಕಡಿಯುವುದನ್ನು ನಿಲ್ಲಿಸಿತು. ಒಳ್ಳೆಯದೇ ಆಯಿತು ಬಿಡಿ, ನನ್ನಂಥವರ ಕೈಗೆ ಬಿಟ್ಟಿದ್ದರೆ ಅಲ್ಲಿ ನೆರಳು ಎಂಬುದೇ ಇರುತ್ತಿರಲಿಲ್ಲ. ಶೇಠ ಗಂಟುಮೂಟೆ ಕಟ್ಟುವಾಗ ನನ್ನನ್ನು ಬಸ್ತ್ಯಾಂವನಿಗೇ ಬಿಟ್ಟುಹೋದ. ಅವನ ಮನೆಯಲ್ಲಿ ಮಂಚದ ಕೆಳಗೆ ನನ್ನ ವಾಸ. ಕಿಡಿ ಕೊಡುವ ಕಾಯಿಲು ಸತ್ತಿತು. ಕೋಳಿಯೊಂದು ನನ್ನ ಬೆನ್ನಿನ ಮೇಲೇ ಕಾವು ಕೂತು ಮರಿ ಮಾಡಿತು. ಆನೆ ಓಡಿಸಿದ ನನ್ನ ಗತಿ ನೋಡಿ!

ಅಲ್ಲಿಂದ ನನ್ನನ್ನು ಎತ್ತಿದವಳು ಚಂಪಾಬಾಯಿ ಬದ್ದಿ. ಹಳಿಯಾಳದಲ್ಲಿ ಪಂಪು, ಸ್ಪ್ರೇಯರು, ಸ್ಕೂಟರು ರಿಪೇರಿ ಮಾಡುವ ಅಂಗಡಿಯವಳು. ಗಂಡ ತೀರಿಕೊಂಡ ಮೇಲೆ ಅಂಗಡಿ ಮುಚ್ಚುತ್ತಾಳೆಂದು ಊರೆಲ್ಲ ಅಂದುಕೊಂಡಿತ್ತು. ಆಕೆ ನಟ್ಟು ಬಿಚ್ಚುವ ಪಾನಾ ಕೈಗೆತ್ತಿಕೊಂಡಳು. ಬಂಗಾರ ಕೂಡಿಡುವ ಹೆಂಗಸರಿದ್ದಾರೆ, ರೇಷ್ಮೆ ಸೀರೆ ಕೂಡಿಡುವವರಿದ್ದಾರೆ. ಈಕೆ ಕೂಡಿಡುವುದು ಹಳೆಯ ಮೋಟಾರು ಗರಗಸ. ನನ್ನ ಸುದ್ದಿ ಯಾರಿಂದಲೋ ತಿಳಿದು ಸ್ಕೂಟರು ಹತ್ತಿ ಬಂದು, ಮಂಚದ ಕೆಳಗೆ ಬಗ್ಗಿ ನೋಡಿ, "ಅಯ್ಯೋ ನನ್ನಪ್ಪಾ, ಇಲ್ಲಿ ಅಡಗಿ ಕುಂತೀಯೇನು!" ಎಂದಳು. ಆ ಒಂದು ಮಾತಿಗೆ ನಾನು ಸೋತುಹೋದೆ.

ಬಸ್ತ್ಯಾಂವ ನನ್ನನ್ನು ಆಕೆಗೆ ಕೊಡಲು ಒಪ್ಪಿದ, ರೊಕ್ಕದ ಮಾತೇ ಎತ್ತಲಿಲ್ಲ. ಕಿವುಡರ ಗಟ್ಟಿ ದನಿಯಲ್ಲಿ ಒಂದೇ ಮಾತು ಹೇಳಿದ: "ಬಾಯಾರ, ಕಿವಿ ಅಂತೂ ಹೋತು. ಇದರ ನಡುಕಕ್ಕ ಕೈನೂ ಜೋಮು ಹಿಡ್ಯಾಕ ಹತ್ಯಾವ. ಅವು ಪೂರಾ ಸಾಯೂದ್ರಾಗ ಒಮ್ಮೆ ಇದನ್ನ ಚಾಲೂ ಮಾಡಿ ನನ್ನ ಕೈಯಾಗ ಕೊಡ್ರಿ. ಅಷ್ಟ ಸಾಕು."

ಅವನ ಮಗಳು ರೆಜಿನಾ ಚಂಪಾಬಾಯಿಯ ಮುಖ ನೋಡಿದಳು. ಚಂಪಾಬಾಯಿ ಅವನ ಅಂಗೈ ಮೇಲೆ ತನ್ನ ಅಂಗೈ ಒತ್ತಿದಳು. ಮಾತು ಕೊಟ್ಟ ಹಾಗಾಯಿತು.

ಆಕೆಗೆ ಆ ಮಾತು ಉಳಿಸಿಕೊಳ್ಳುವ ಮನಸ್ಸು ಖಂಡಿತ ಇತ್ತು. ನನಗೆ ಹೊಂದುವ ಕಾಯಿಲಿಗಾಗಿ ಅಲೆಯದ ಊರಿಲ್ಲ, ಕೆದಕದ ಗುಜರಿಯಿಲ್ಲ. ಕೊನೆಗೆ ಮಂಗಳೂರಿನ ಒಂದು ಗುಜರಿ ಅಂಗಡಿಯ ಗೋಣಿಚೀಲದ ತಳದಲ್ಲಿ ಒಂದೇ ಒಂದು ಸಿಕ್ಕಿತು. ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಳು. ಆದರೆ ಅಷ್ಟರಲ್ಲಿ ಅಂಗಡಿಗೆ ಇನ್ನೊಬ್ಬ ಬಂದು ಕೂತಿದ್ದ. ನನ್ನದೇ ಕಾರ್ಖಾನೆ, ನನ್ನದೇ ತಳಿ. ನೀಲಗಿರಿಯ ಯಾವುದೋ ಚಹಾ ತೋಟದ ಉಗ್ರಾಣದಲ್ಲಿ ಕೂತು ಬೆಳೆದವನು, ಮರದ ಮುಖವನ್ನೇ ಸರಿಯಾಗಿ ಕಂಡವನಲ್ಲ. ಮೈಮೇಲೆ ಹುಟ್ಟಿದಾಗಿನ ಕೆಂಪು ಬಣ್ಣ ಹಾಗೇ ಹೊಳೆಯುತ್ತಿತ್ತು. ಒಳಗೆ ಮಾತ್ರ ಸಿಲಿಂಡರು ಬಿರುಕು ಬಿಟ್ಟು ಎಂಜಿನ್ನೇ ಹಾಳಾಗಿತ್ತು.

ಅದೇ ಹೊತ್ತಿಗೆ ಹುಬ್ಬಳ್ಳಿಯಲ್ಲಿ ಹಳೆಯ ಯಂತ್ರಗಳ ಪ್ರದರ್ಶನ ನಿಗದಿಯಾಯಿತು. ಹಳೆ ಮಷಿನು ಕೂಡಿಡುವವರದ್ದೊಂದು ವಾಟ್ಸಾಪ್ ಗುಂಪಿದೆ, ಅದರಲ್ಲಿ ಚಂಪಾಬಾಯಿಯೊಬ್ಬಳೇ ಹೆಂಗಸು. "ಬಾಯಾರ, ಮಿಕ್ಸರ್ ತರಾವ್ರೋ, ಗ್ರೈಂಡರ್ ತರಾವ್ರೋ?" ಎಂದು ಅದರಲ್ಲೊಬ್ಬ ಕೆಣಕಿದ. ಉಳಿದವರು ಹಲ್ಲು ಕಿರಿದರು. ಆಕೆಗೆ ಮೈಯೆಲ್ಲ ಉರಿದುಹೋಯಿತು. ಹುಟ್ಟುಬಣ್ಣದ ಮೈ, ನಡೆಯುವ ಎಂಜಿನ್ನು, ಎರಡೂ ಇರುವ ಮಷಿನು ಒಯ್ದರೆ ಎಲ್ಲರ ಬಾಯಿ ಮುಚ್ಚುತ್ತಿತ್ತು.

ನಮ್ಮಿಬ್ಬರನ್ನೂ ಮೇಜಿನ ಮೇಲೆ ಇಟ್ಟುಕೊಂಡು ಬಹಳ ಹೊತ್ತು ಕೂತಳು. "ನಿಂದು ಜೀವ ಚಲೋ ಐತಿ, ಮೈ ನೋಡೂಹಂಗಿಲ್ಲ. ಇವಂದು ಮೈ ಚಲೋ ಐತಿ, ಜೀವ ಇಲ್ಲ. ನಾ ಏನ್ ಮಾಡ್ಲೋ?" ಎಂದಳು. ಮಾಡುವುದನ್ನು ಆಗಲೇ ನಿಶ್ಚಯಿಸಿಯೂ ಆಗಿತ್ತು. ನನ್ನ ಎಂಜಿನ್ ಬಿಚ್ಚಿ ಅವನೊಳಗೆ ಕೂರಿಸಿದಳು. ಹೊಸ ಕಾಯಿಲೂ ಅವನಿಗೇ ಹೋಯಿತು. ಪೆಟ್ರೋಲ್ ಟಾಕಿ, ಮುಚ್ಚಳ, ಬೆತ್ತ ಸುತ್ತಿದ ಹಿಡಿ, ಇಷ್ಟಾಗಿ ನಾನು ಮೂಲೆ ಸೇರಿದೆ.

ಮರುದಿನ ಅಂಗಳದಿಂದ ನನ್ನ ದನಿ ಕೇಳಿಸಿತು. ನನ್ನ ದನಿಯನ್ನು ಹೊರಗಿನಿಂದ ಕೇಳಿದ್ದು ಅದೇ ಮೊದಲು. ಎಂಥ ಗತ್ತು, ಎಂಥ ಗಂಟಲು! ಹೆಮ್ಮೆಯೂ ಆಯಿತು, ಹೊಟ್ಟೆಯೂ ಉರಿಯಿತು. ಉರಿಯಲು ಹೊಟ್ಟೆಯೇ ಇರಲಿಲ್ಲ, ಆ ಮಾತು ಬೇರೆ.

ಕೂಗು ಕೇಳಿದವರು ಸುದ್ದಿ ಮುಟ್ಟಿಸಿದರೆಂದು ಕಾಣುತ್ತದೆ. ಪ್ರದರ್ಶನಕ್ಕೆ ಒಂದು ದಿನ ಮೊದಲು ಬಸ್ತ್ಯಾಂವನನ್ನು ಕರೆದುಕೊಂಡು ರೆಜಿನಾ ಅಂಗಡಿಗೆ ಬಂದಳು. ಅವನು ಒಗೆದ ಅಂಗಿ ತೊಟ್ಟು, ಗಡ್ಡ ಬೋಳಿಸಿಕೊಂಡು ಬಂದಿದ್ದ. ಚಂಪಾಬಾಯಿಯ ಮುಖ ಬಿಳಿಚಿತು. ಸರಕ್ಕನೆ ನನ್ನ ಮೇಲೆ ಗೋಣಿತಾಟು ಎಸೆದಳು. ಗೋಣಿಯ ತೂತಿನಿಂದ ನನಗೆ ಎಲ್ಲ ಕಾಣುತ್ತಿತ್ತು.

"ಬಣ್ಣಾ ಹೊಡದೇನ್ರಿ ಕಾಕಾ, ಹಿಂಗಾಗಿ ಹೊಸಾದು ಕಂಡಂಗ ಕಾಣತೈತಿ" ಎಂದು ಕೈಸನ್ನೆ ಮಾಡಿ ತೋರಿಸಿದಳು. ಹಗ್ಗ ಎಳೆದಳು. ಆ ಕೆಂಪು ಮೈಯವನು ನನ್ನ ದನಿಯಲ್ಲಿ ಕೂಗಿದ. ಎತ್ತಿ ಬಸ್ತ್ಯಾಂವನ ಕೈಗೆ ಕೊಟ್ಟಳು.

ಅವನು ಕಣ್ಣು ಮುಚ್ಚಿಕೊಂಡ. ಮುಖ ಅರಳಿತು. ಹಾಗೇ ಸ್ವಲ್ಪ ಹೊತ್ತಿಗೆ ಹುಬ್ಬು ಗಂಟಿಕ್ಕಿತು. ಬಲಗೈ ಹಿಡಿಯ ಮೇಲೆ ಮುಂದೆ ಸರಿಯಿತು, ಹಿಂದೆ ಸರಿಯಿತು, ಎಲ್ಲಿಯೂ ಕೂರಲಿಲ್ಲ. ಮಷಿನು ಬಂದ್ ಮಾಡಿ ಕೆಳಗಿಟ್ಟ.

"ಬಾಯಾರ, ಜೀವ ನನ್ನ ಮಷಿನಿಂದ ಐತಿ. ಮೈ ಯಾರದು?"

ಚಂಪಾಬಾಯಿ ಸೀದಾ ನನ್ನ ಬಳಿ ಬಂದು ಗೋಣಿ ಎಳೆದು ಬಿಸಾಡಿದಳು. ಬಸ್ತ್ಯಾಂವ ನನ್ನನ್ನು ನೋಡಿದ. ನೆಲದ ಮೇಲೆ ಕೂತು ಬೆತ್ತದ ಹಿಡಿಗೆ ಕೈ ಹಾಕಿದ. ಈ ಸಲ ಕೈ ಹುಡುಕಾಡಲಿಲ್ಲ.

"ತಪ್ಪಾತು ಕಾಕಾ" ಎಂದು ಆಕೆ ಎರಡೂ ಕೈ ಜೋಡಿಸಿದಳು.

"ಇರ್ಲಿ ಬಿಡ್ರಿ. ಚಂದ ಮೈಗೆ ಹಾಕೀರಿ, ತಪ್ಪೇನೈತಿ? ಈ ಖಾಲಿ ಡಬ್ಬಿ ಅಷ್ಟ ನನಗ ಕೊಡ್ರಿ. ಮನೀಗೆ ಒಯ್ತೇನಿ."

ಡಬ್ಬಿ! ಅವನ ಬಾಯಲ್ಲಿ ಆ ಮಾತು ಕೇಳಿ ನನಗೆ ಅಳು ಬಂದಂತಾಯಿತು. ಆದರೆ ಅವನು ಹಿಡಿ ಬಿಟ್ಟಿರಲಿಲ್ಲ. "ಬರೂ ವರ್ಷಕ್ಕ ಈ ಕೈಗೆ ಏನೂ ತಿಳಿಯಾಂಗಿಲ್ಲ" ಎಂದು ಮಗಳತ್ತ ತಿರುಗಿ ನಕ್ಕ. ಆ ನಗು ಚಂಪಾಬಾಯಿಗೆ ತಾಗಿತು.

ಆಕೆ ಸೆರಗು ಸೊಂಟಕ್ಕೆ ಬಿಗಿದಳು. ಕೆಂಪು ಮೈಯವನನ್ನು ಮೇಜಿಗೇರಿಸಿ ಪಾನಾ ಹಚ್ಚಿದಳು.

"ನಾಳೆ ಪ್ರದರ್ಶನ ಅಲ್ಲೇನ್ರಿ ಬಾಯಾರ?" ಎಂದಳು ರೆಜಿನಾ.

"ಐತಿ. ಖಾಲಿ ಮೈ ಒಯ್ದು ಇಡ್ತೇನಿ. ಬಣ್ಣಾ ನೋಡಾಕ ಬರಾವ್ರು ಬಣ್ಣಾ ನೋಡ್ಕೊಂಡು ಹೋಗ್ಲಿ. ಆ ಚಿಮಣಿ ಎಣ್ಣಿ ಡಬ್ಬಿ ಇತ್ತ ಕೊಡವ್ವಾ."

ಸಂಜೆಯೊಳಗೆ ನನ್ನ ಜೀವ ನನ್ನ ಮೈಗೆ ಬಂದು ಕೂತಿತು. ಬಸ್ತ್ಯಾಂವ ನನ್ನ ಹಿಡಿಯ ಮೇಲೆ ಕಾಲಿಟ್ಟು ಒತ್ತಿದ. ಆಕೆ ಹಗ್ಗ ಎಳೆದಳು. ಒಮ್ಮೆ ಕೆಮ್ಮಿದೆ, ಮತ್ತೊಮ್ಮೆ ಕೆಮ್ಮಿದೆ, ಆಮೇಲೆ ಬಂತು ನೋಡಿ ದನಿ! ಓಣಿಯ ನಾಯಿಗಳೆಲ್ಲ ದಿಕ್ಕಾಪಾಲಾದವು. ಬಸ್ತ್ಯಾಂವ ನನ್ನನ್ನು ಎತ್ತಿ, ಅಂಗಳದಲ್ಲಿ ಬಿದ್ದಿದ್ದ ಮಾವಿನ ಕೊರಡಿನ ಮೇಲೆ ಇಳಿಸಿದ. ಹುಡಿ ಅವನ ಒಗೆದ ಅಂಗಿಯ ತುಂಬ ಹಾರಿತು. "ಇದ! ಇದ ನೋಡವ್ವಾ, ಇದ!" ಎಂದು ಕಿರುಚುತ್ತಿದ್ದ. ರೆಜಿನಾ ಕಿವಿ ಮುಚ್ಚಿಕೊಂಡು ಅಳುತ್ತಿದ್ದಳೋ ನಗುತ್ತಿದ್ದಳೋ ನನಗೂ ತಿಳಿಯಲಿಲ್ಲ. ಕೊರಡು ಎರಡಾಗಿ ಬಿದ್ದಾಗ ಅವನ ಮುಖ ನೋಡಬೇಕಿತ್ತು ನೀವು. ಅಂದು ಆನೆ ಓಡಿದಾಗ ಮುಂದೆ ಬಂದ ಹುಡುಗನ ಮುಖವೇ ಅದು.

ಹುಬ್ಬಳ್ಳಿಯಲ್ಲಿ ಕೆಂಪು ಮೈಯವನಿಗೆ ಬಹುಮಾನ ಸಿಗಲಿಲ್ಲ. ನಡೆಯದ ಮಷಿನು ತಂದಳೆಂದು ಗುಂಪಿನವರು ಆಡಿಕೊಂಡರು. ತಿರುಗಿ ಬಂದ ಚಂಪಾಬಾಯಿ ಅವರೆಲ್ಲರನ್ನೂ ಮನದಣಿಯೆ ಬೈದು, ನನ್ನ ಹಗ್ಗ ಎಳೆದು ಒಂದಷ್ಟು ಹೊತ್ತು ಸುಮ್ಮನೆ ಕೂಗಿಸಿದಳು. ಆಮೇಲೆ ಚಹಾ ಕುಡಿಯಲು ಹೋದಳು.

ಮಾತಿನಂತೆ ನಾನು ಆಕೆಯ ಬಳಿಯೇ ಉಳಿದೆ. ಬಸ್ತ್ಯಾಂವ ಆಮೇಲೂ ಕೆಲವು ಸಲ ಬಂದ. ಈಗ ಅವನ ಕೈಗೆ ಬಿಸಿ ತಂಪೂ ತಿಳಿಯುವುದಿಲ್ಲವಂತೆ, ರೆಜಿನಾ ಬಂದಾಗ ಹೇಳಿದಳು. ನನಗೆ ದುಃಖವಾಯಿತು. ಆದರೂ ಅವನ ಕೈಗಳು ಕೊನೆಯದಾಗಿ ಕೇಳಿಸಿಕೊಂಡದ್ದು ನನ್ನನ್ನು, ನನ್ನನ್ನು ಇಡಿಯಾಗಿ. ಅದನ್ನು ಯಾರೂ ನಮ್ಮಿಬ್ಬರಿಂದ ಬಿಚ್ಚಿಕೊಳ್ಳಲಾರರು. ದನಿಯೇ ನಾನು ಎಂದು ಬಹುಕಾಲ ಬೀಗಿದ್ದೆ. ದನಿ ಅಂಗಳದಲ್ಲಿ ಮೆರೆಯುತ್ತಿದ್ದಾಗ ಮೂಲೆಯಲ್ಲಿ ಕೂತು ಹೊಟ್ಟೆ ಉರಿದುಕೊಂಡದ್ದೂ ನಾನೇ ತಾನೆ? ಒಬ್ಬ ಮನುಷ್ಯನ ಕೈ ಸವೆಸಿದ ಆ ಹಿಡಿಯಲ್ಲೂ ನಾನಿದ್ದೇನೆ ಎಂದು ಈಗ ಗೊತ್ತಾಗಿದೆ.

ಚಂಪಾಬಾಯಿಯ ಕಪಾಟಿನಲ್ಲಿ ಈಗ ನಾನೂ ಆ ಕೆಂಪು ಮೈಯವನೂ ಅಕ್ಕಪಕ್ಕ ಕೂತಿದ್ದೇವೆ. ನೋಡಲು ದೂರದೂರದಿಂದ ಜನ ಬರುತ್ತಾರೆ. ಅವನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ನನ್ನ ಮುಂದೆ ಕಿವಿ ಮುಚ್ಚಿಕೊಳ್ಳುತ್ತಾರೆ.