ನಡೆಯುವ ಮೆಟ್ಟಿಲಿಗೆ ಮೊಣಕಾಲೂರಿದವರು

ಬಹಳ ಹಿಂದೆ, ಚಳಿಗಾಲದ ಮಂಜು ಹೇಳದೆ ಕೇಳದೆ ಮನೆಯೊಳಗೂ ಬಂದು ಕೂರುತ್ತಿದ್ದ ಮಿಲಾನ್ ಎಂಬ ಊರಿನಲ್ಲಿ, ಸಾಯಲು ಒಪ್ಪದ ಒಂದು ಮನೆಯಿತ್ತಂತೆ. ದೊಡ್ಡ ಇಗರ್ಜಿಯ ಮಗ್ಗುಲಲ್ಲೇ ಇದ್ದ ಆ ಮನೆ ಜನ ವಾಸ ಮಾಡುವಂಥದ್ದಲ್ಲ, ಅಂಗಡಿ. ಒಂದು ಸಲ ಕ್ರಿಸ್ಮಸ್ ಹೊತ್ತಿನಲ್ಲಿ ಅದನ್ನು ಬೆಂಕಿ ತಿಂದಿತು, ಮನೆ ಮತ್ತೆ ಎದ್ದಿತು. ಇನ್ನೊಂದು ಸಲ ಆಕಾಶದಿಂದ ಬಾಂಬು ಬಿದ್ದು ಮೊಂಡು ಗೋಡೆಗಳಷ್ಟೇ ಉಳಿದವು, ಆಗಲೂ ಎದ್ದಿತು. ಅದರ ಹೆಸರಿನ ಅರ್ಥವೇ ಮತ್ತೆ ಹುಟ್ಟುವವಳು ಅಂತ. ಚೌಕಾಸಿ ಮಾಡದೆ ಚೀಟಿಯಲ್ಲಿ ಬರೆದ ಬೆಲೆ ಕೊಡುವುದನ್ನು, ಏನೂ ಕೊಳ್ಳದಿದ್ದರೂ ನಾಚಿಕೆಯಿಲ್ಲದೆ ಒಳಗೆ ಸುತ್ತಾಡಿ ಬರುವುದನ್ನು ಆ ಊರಿನವರು ಇಂಥ ಮನೆಯಲ್ಲೇ ಕಲಿತಿದ್ದರು. ಯುದ್ಧ ಮುಗಿದು ಕೆಲವು ವರ್ಷಕ್ಕೆ ಮತ್ತೆ ಎದ್ದಾಗ ಅದು ತನ್ನ ಹೊಟ್ಟೆಯೊಳಗೆ ತಾನಾಗಿ ನಡೆಯುವ ಮೆಟ್ಟಿಲನ್ನು ಇಟ್ಟುಕೊಂಡು ಎದ್ದಿತು.

ಆ ಮೆಟ್ಟಿಲನ್ನು ನೋಡಿ ಊರಿಗೆ ಊರೇ ಹೆದರಿತು. ಆದರೆ ಊರು ಹೆದರಿ ನಕ್ಕಿತು. ತೆರ್ಸಿಲ್ಲಾಗೆ ನಗು ಬರಲಿಲ್ಲ.

ತೆರ್ಸಿಲ್ಲಾ ಕೆಳಗಿನ ಅಂತಸ್ತಿನಲ್ಲಿ ಕೈಗವಸು ಮಾರುವ ಹುಡುಗಿ. ಗಿರಾಕಿ ಮೊಣಕೈಯನ್ನು ಪುಟ್ಟ ದಿಂಬಿನ ಮೇಲೆ ಊರಿದರೆ, ಒಂದೊಂದೇ ಬೆರಳಿಗೆ ಚರ್ಮವನ್ನು ಎಳೆದು ನೀವಿ ತೊಡಿಸುವುದು ಅವಳ ಕೆಲಸ. ಅದಕ್ಕೇ ಮೇಲ್ವಿಚಾರಕಿ ಜೆರೋಸಾ ಅವಳನ್ನು ಮೆಟ್ಟಿಲ ಪಾಳಿಗೆ ಆರಿಸಿದ್ದು.

"ಜನರ ಕೈ ಹಿಡಿಯೋದು ನಿಮಗೆ ಗೊತ್ತು," ಎಂದಿದ್ದಳು ಜೆರೋಸಾ, ಕೈಗವಸಿನ ಹುಡುಗಿಯರನ್ನೆಲ್ಲ ಸಾಲಾಗಿ ನಿಲ್ಲಿಸಿ. "ಹೆದರಿಕೊಂಡೋರು ಬಂದರೆ ಕೈ ಹಿಡಿದು ಕರ್ಕೊಂಡು ಹೋಗಿ. ಒಂದೇ ಮಾತು. ಹಿಡಿದ ಕೈಯನ್ನ ಮೇಲೆ ಮುಟ್ಟಿಸೋವರೆಗೂ ಬಿಡಬಾರದು. ಎಲ್ಲಿ, ಹೇಳಿ."

ಎಲ್ಲರೂ ಶಾಲೆಯ ಮಕ್ಕಳ ಹಾಗೆ ರಾಗವಾಗಿ ಹೇಳಿದರು. ತೆರ್ಸಿಲ್ಲಾಳ ನಾಲಿಗೆಯೂ ಹೇಳಿತು.

ಬಾಂಬು ಬಿದ್ದ ಆ ಆಗಸ್ಟಿನಲ್ಲಿ ಅವಳಿನ್ನೂ ಚಿಕ್ಕವಳು. ಸೈರನ್ ಕೂಗಿದಾಗ ಅಜ್ಜಿಯ ಕೈ ಹಿಡಿದು ನೆಲಮಾಳಿಗೆಗೆ ಇಳಿಯುತ್ತಿದ್ದಳು. ಅಜ್ಜಿ ಭತ್ತದ ಗದ್ದೆಯ ಕಡೆಯವಳು. ಮಂಜಿನಲ್ಲಿ ಕೂತು, ಬಾವಿಯಂಚಿಗೆ ಬಂದ ಮಕ್ಕಳನ್ನು ಕೊಕ್ಕೆ ಹಾಕಿ ಕೆಳಗೆಳೆಯುವ ಬೋರ್ದಾ ಎಂಬ ಮುದುಕಿಯ ಕತೆಯನ್ನು ಇಳಿಯುತ್ತಲೇ ಹೇಳುತ್ತಿದ್ದಳು, ಮಗುವಿಗೆ ಸೈರನ್ ಕೇಳದಿರಲಿ ಅಂತ. ಆಗ ಕಾಲಡಿಯ ಮೆಟ್ಟಿಲು ನಡೆಯಿತು. ಹೌದು, ಕಲ್ಲಿನ ಮೆಟ್ಟಿಲೇ ನಡೆಯಿತು. ತೆರ್ಸಿಲ್ಲಾ ಎರಡೂ ಕೈಯಲ್ಲಿ ಕಬ್ಬಿಣದ ಕಂಬಿ ತಬ್ಬಿಕೊಂಡಳು. ಧೂಳು ಕೂತ ಮೇಲೆ ನೋಡಿದರೆ ಕಂಬಿ ಇತ್ತು, ಅಜ್ಜಿ ಇರಲಿಲ್ಲ. ಕೈ ಜಾರಿತೋ, ತಾನೇ ಬಿಟ್ಟೆನೋ, ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಅಂದಿನಿಂದ ಯಾವ ಮೆಟ್ಟಿಲನ್ನಾದರೂ ಬೆರಳ ತುದಿಯಿಂದ ಒತ್ತಿ ನೋಡದೆ ಅವಳು ಪೂರ್ತಿ ಕಾಲಿಟ್ಟವಳಲ್ಲ.

ಈ ಹೊಸ ಮೆಟ್ಟಿಲನ್ನು ಒತ್ತಿ ನೋಡುವುದಾದರೂ ಹೇಗೆ? ನಿಲ್ಲುವುದೇ ಇಲ್ಲವಲ್ಲ. ನೆಲದಿಂದ ನಾಲಿಗೆಯ ಹಾಗೆ ಹೊರಗೆ ಬರುತ್ತಿತ್ತು, ಮಡಚಿಕೊಳ್ಳುತ್ತಿತ್ತು, ಏರುತ್ತಿತ್ತು. ಮೇಲೆ ಹೋಗಿ ಕಬ್ಬಿಣದ ಬಾಚಣಿಗೆಯಂಥ ಹಲ್ಲುಗಳ ಕೆಳಗೆ ನುಸುಳಿ ಮಾಯವಾಗುತ್ತಿತ್ತು. ಮಾಯವಾಗಿ ಎಲ್ಲಿಗೆ ಹೋಗುತ್ತದೆ? ಒಳಗೆ ಕತ್ತಲಲ್ಲಿ ಯಾರೋ ಕೂತು ಎಳೆದುಕೊಳ್ಳುತ್ತಿರಬೇಕು. ಯಾರು ಅಂತ ತೆರ್ಸಿಲ್ಲಾಗೆ ಗೊತ್ತಿತ್ತು. ದೊಡ್ಡವಳಾದ ಮೇಲೂ ಗೊತ್ತಿತ್ತು.

ಮೊದಲ ದಿನಗಳಲ್ಲಿ ಗೆಳತಿ ನಾರ್ಮಾ ಅವಳ ಪಾಳಿಯನ್ನೂ ತಾನೇ ಮಾಡಿದಳು. ಜೆರೋಸಾಳ ಕಣ್ಣಿಗೆ ಅದು ಬಿತ್ತು. ನಾರ್ಮಾಳನ್ನು ಸ್ಕಾರ್ಫು ಮಾರುವ ಕಟ್ಟೆಗೆ ಅಟ್ಟಿ, ತೆರ್ಸಿಲ್ಲಾಳನ್ನು ಮೆಟ್ಟಿಲ ಬುಡದಲ್ಲಿ ನಿಲ್ಲಿಸಿದಳು.

"ಇವತ್ತು ನಿನ್ನನ್ನ ಯಾರು ಮೊದಲು ಕರೀತಾರೋ ಅವರ ಜೊತೆ ಹತ್ತಬೇಕು," ಎಂದಳು ಮೆಲ್ಲಗೆ. "ಆಗಲ್ಲ ಅಂದ್ರೆ ಈಗಲೇ ಹೇಳು. ಹೊರಗೆ ಎಷ್ಟು ಹುಡುಗೀರು ಕಾಯ್ತಿದಾರೆ ಅನ್ನೋದು ನಿಂಗೆ ಗೊತ್ತು."

"ಆಗುತ್ತೆ ಮೇಡಂ," ಎಂದಳು ತೆರ್ಸಿಲ್ಲಾ. ಮನೆಯಲ್ಲಿ ಅಮ್ಮ ಕಂಡವರ ಬಟ್ಟೆಗೆ ಇಸ್ತ್ರಿ ಹಾಕಿ ಹಾಕಿ ಬೆನ್ನು ಹಿಡಿದು ಮಲಗಿದ್ದಳು. ಬೇರೆ ಸಂಬಳ ಇರಲಿಲ್ಲ.

ಸ್ಕಾರ್ಫಿನ ಕಟ್ಟೆಯಿಂದ ನಾರ್ಮಾ ಕತ್ತು ಚಾಚಿದಳು. "ಲೇ, ಹೆದರಬೇಡ್ವೇ. ಅದು ನಿನ್ನನ್ನ ನುಂಗಿದ್ರೂ ಉಗುಳುತ್ತೆ. ಬರೀ ಮೂಳೆ."

"ಸುಮ್ನಿರೇ."

"ಕೈಯಾದ್ರೂ ಒರೆಸ್ಕೋ. ಒದ್ದೆ ಮೀನು ಹಿಡಿದಂಗಿದೆ ಅಂತಾರೆ ಗಿರಾಕಿಗಳು."

ತೆರ್ಸಿಲ್ಲಾ ಕೈ ಒರೆಸಿಕೊಂಡಳು. ಮಂಜಿನ ಬೆಳಗು, ಜನ ಕಮ್ಮಿ. ಬಂದವರು ಬೆಚ್ಚನೆ ಕೋಟು ಹಾಕಿದ ಮಿಲಾನಿನವರು. ಯಾರ ಹಂಗೂ ಬೇಡದೆ ಹತ್ತಿ ಹೋದರು. ಒಬ್ಬೊಬ್ಬರು ಹತ್ತಿದಾಗಲೂ ಅವಳ ಜೀವ ಬಾಯಿಗೆ ಬಂದು ಕೆಳಗಿಳಿಯುತ್ತಿತ್ತು.

ಆಮೇಲೆ ಬಂದಳು, ತಲೆಯಿಂದ ಕಾಲಿನವರೆಗೂ ಕಪ್ಪು ಉಟ್ಟ ಒಬ್ಬ ಮುದುಕಿ. ಚೀಲದಿಂದ ಕಾಗದದಲ್ಲಿ ಸುತ್ತಿದ ಸಲಾಮಿ ಇಣುಕುತ್ತಿತ್ತು. ಮೆಟ್ಟಿಲ ಮುಂದೆ ನಿಂತು ಎದೆಯ ಮೇಲೆ ಶಿಲುಬೆ ಎಳೆದುಕೊಂಡಳು.

"ಮಗಳೇ, ಕೂಸಿನ ಬಟ್ಟೆ ಎಲ್ಲಿ ಸಿಗುತ್ತೆ?"

"ಮೇಲೆ, ಅಜ್ಜೀ." ಆಮೇಲೆ, ಬದುಕಿಕೊಳ್ಳುವ ಆಸೆಯಿಂದ, ತೆರ್ಸಿಲ್ಲಾ ಸೇರಿಸಿದಳು: "ಹಿಂದುಗಡೆ ಕಲ್ಲಿನ ಮೆಟ್ಟಿಲೂ ಇದೆ."

"ಕಲ್ಲಿನ ಮೆಟ್ಟಿಲು ಹತ್ತೋಕೆ ವಿಜೆವಾನೋದಿಂದ ಬರಬೇಕಿತ್ತಾ? ಇದನ್ನ ಹತ್ತದೆ ಹೋದ್ರೆ ನಮ್ಮ ಬೀದಿಯೋರು ನನ್ನನ್ನ ಬಿಡ್ತಾರಾ? ಪಾಲ್ಮೀರಾ ಹೆದರಿ ಓಡಿ ಬಂದಳು ಅಂತ ಈಸ್ಟರಿನವರೆಗೂ ಆಡ್ಕೋತಾರೆ. ಕೈ ಕೊಡು."

ದೂರದಿಂದ ಜೆರೋಸಾ ನೋಡುತ್ತಿದ್ದಳು. ತೆರ್ಸಿಲ್ಲಾ ಕೈ ಕೊಟ್ಟಳು. ಮುದುಕಿಯ ಕೈ ಹಿಡಿದ ಕೂಡಲೆ ಗುರುತಾಯಿತು: ಬೆರಳ ಗಿಣ್ಣು ದಪ್ಪ, ಚರ್ಮ ನೀರಲ್ಲಿ ನೆನೆದು ಒಡೆದದ್ದು. ಗದ್ದೆಯಲ್ಲಿ ಕಳೆ ಕಿತ್ತ ಕೈ. ಈ ಅಳತೆಯ ಕೈ ಅವಳಿಗೆ ಗೊತ್ತಿತ್ತು.

"ಅಯ್ಯೋ, ನೀನೂ ನಡುಗ್ತಿದೀಯಲ್ಲೇ," ಎಂದಳು ಪಾಲ್ಮೀರಾ. "ಯಾರನ್ನ ಯಾರು ಹತ್ತಿಸೋದು?"

"ಚಳಿ, ಅಜ್ಜೀ."

"ಹೂಂ, ಚಳಿ." ಮುದುಕಿ ಮೆಟ್ಟಿಲನ್ನೇ ದಿಟ್ಟಿಸಿದಳು. "ನೋಡು, ಈ ವರ್ಷ ಪುಣ್ಯವರ್ಷ ಅಂತ ನಮ್ಮ ಪಾದ್ರಿಗಳು ರೋಮಿಗೆ ಕರ್ಕೊಂಡು ಹೋಗಿದ್ರು. ಅಲ್ಲಿ ಪವಿತ್ರ ಮೆಟ್ಟಿಲನ್ನ ಕಾಲಲ್ಲಿ ತುಳಿಯಂಗಿಲ್ಲ. ಅಷ್ಟನ್ನೂ ಮೊಣಕಾಲಲ್ಲೇ ಹತ್ತಿದೀನಿ. ಒಂಚೂರೂ ಭಯ ಆಗ್ಲಿಲ್ಲ. ಕಾಲಿಗೇನೋ ನಡುಕ ಇದೆ. ಮೊಣಕಾಲಿಗಿಲ್ಲ."

ಇದು ಬಟ್ಟೆಯಂಗಡಿ ಅಜ್ಜೀ, ಎನ್ನಬೇಕೆಂದು ತೆರ್ಸಿಲ್ಲಾ ಬಾಯಿ ತೆರೆಯುವಷ್ಟರಲ್ಲಿ ಪಾಲ್ಮೀರಾ ಮೊಣಕಾಲೂರಿದ್ದಳು. ಮೆಟ್ಟಿಲು ಮುದುಕಿಯನ್ನು ಎತ್ತಿಕೊಂಡಿತು. ಮುದುಕಿಯ ಕೈ ತೆರ್ಸಿಲ್ಲಾಳನ್ನು ಎಳೆದುಕೊಂಡಿತು. ಮರುಗಳಿಗೆಗೆ ಅವಳೂ ಹಿಂದಿನ ಮೆಟ್ಟಿಲ ಮೇಲೆ ಮೊಣಕಾಲೂರಿ ಬಿದ್ದಿದ್ದಳು, ಇನ್ನೊಂದು ಕೈ ಪಕ್ಕದ ಕಂಬಿಗೆ ಅಂಟಿಕೊಂಡಿತ್ತು.

ನೆಲ ನಡೆಯಿತು. ಅದೇ ನಡಿಗೆ. ಕಿವಿಯಲ್ಲಿ ಸೈರನ್ ಕೂಗಿತು, ಮೂಗಿಗೆ ಧೂಳಿನ ವಾಸನೆ ಬಂತು. ತೆರ್ಸಿಲ್ಲಾ ಕಣ್ಣು ಮುಚ್ಚಿದಳು. ಕೆಳಗೆ ಯಾರೋ ಕಿಸಕ್ಕನೆ ನಕ್ಕರು. ಮುಂದೆ ಮುದುಕಿ ಜಪ ಮಾಡುತ್ತ ಏರುತ್ತಿದ್ದಳು.

"ತೆರ್ಸಿಲ್ಲಾ, ಲಂಗ," ಎಂದು ನಾರ್ಮಾಳ ದನಿ ಕೇಳಿತು. ಅದರಲ್ಲಿ ತಮಾಷೆ ಇರಲಿಲ್ಲ. "ಲಂಗ ನೋಡೇ."

ಕಣ್ಣು ತೆರೆದಳು. ಮೇಲಿನ ಹಲ್ಲುಗಳು ಹತ್ತಿರ ಬರುತ್ತಿದ್ದವು. ಪಾಲ್ಮೀರಾಳ ಕಪ್ಪು ಲಂಗ ಮೆಟ್ಟಿಲ ತುಂಬ ಹರಡಿ, ಅಂಚು ಕಬ್ಬಿಣದ ಸೀಳುಗಳ ಮೇಲೆ ಬಿದ್ದಿತ್ತು. ಇನ್ನೊಂದಿಷ್ಟು ಏರಿದರೆ ಹಲ್ಲು ಆ ಅಂಚನ್ನು ಕಚ್ಚುತ್ತದೆ, ಒಳಗೆ ಕೂತವಳು ಕೊಕ್ಕೆ ಹಾಕಿ ಎಳೆಯುತ್ತಾಳೆ.

"ಅಜ್ಜೀ, ಏಳಿ."

"ಜಪ ಮುಗೀಲಿ ಕೂಸೇ."

"ಏಳಬೇಕು ಅಜ್ಜೀ, ಈಗಲೇ."

"ಏಳೋಕಾಗ್ತಿಲ್ಲ ಕಣೇ," ಎಂದಳು ಪಾಲ್ಮೀರಾ, ಈಗ ಬೇರೆಯೇ ಸ್ವರದಲ್ಲಿ. "ಮೊಣಕಾಲು ಹಿಡ್ಕೊಂಡಿದೆ. ಬಿಡಬೇಡ ನನ್ನ."

ತೆರ್ಸಿಲ್ಲಾಗೆ ಇದ್ದದ್ದು ಎರಡು ಕೈ. ಒಂದರಲ್ಲಿ ಮುದುಕಿಯ ಕೈ, ಒಂದರಲ್ಲಿ ಕಂಬಿ. ಲಂಗ ಎತ್ತಬೇಕಾದರೆ ಯಾವುದನ್ನಾದರೂ ಬಿಡಲೇಬೇಕು. ಕಂಬಿ ಹಿಡಿದ ಬೆರಳುಗಳು ಅವಳ ಮಾತು ಕೇಳಲಿಲ್ಲ. ಅವು ಆ ಆಗಸ್ಟಿನಿಂದ ಕಂಬಿಯನ್ನೇ ಹಿಡಿದುಕೊಂಡಿದ್ದವು. ಬಿಗಿ ಕೈಗವಸು ಕಳಚುವ ಹಾಗೆ ಒಂದೊಂದೇ ಬೆರಳನ್ನು ಬಿಡಿಸಿದಳು: ಕಿರುಬೆರಳು, ಉಂಗುರದ್ದು, ನಡುವಿನದು. ಕೈ ಕಂಬಿಯನ್ನು ಬಿಟ್ಟಿತು.

ಮುದುಕಿಯ ಕೈಯೊಂದನ್ನಲ್ಲದೆ ಏನೂ ಹಿಡಿದುಕೊಳ್ಳದೆ, ನಡೆಯುವ ಮೆಟ್ಟಿಲ ಮೇಲೆ, ತೆರ್ಸಿಲ್ಲಾ ಎದ್ದು ನಿಂತಳು. ಮೈ ಒಂದು ಸಲ ಹಿಂದಕ್ಕೆ ವಾಲಿತು, ಮೆಟ್ಟಿಲು ಕುಸಿಯಲಿಲ್ಲ. ಬಗ್ಗಿ ಕಪ್ಪು ಲಂಗವನ್ನು ಬಾಚಿ ಮುಷ್ಟಿಯಲ್ಲಿ ಹಿಡಿದಳು. ಅದೇ ತೋಳನ್ನು ಮುದುಕಿಯ ಸೊಂಟಕ್ಕೆ ಕೊಟ್ಟು, ಭತ್ತದ ಮೂಟೆ ಎತ್ತುವವರ ಹಾಗೆ ಉಸಿರು ಕಟ್ಟಿ ಎತ್ತಿದಳು. ಮೆಟ್ಟಿಲುಗಳು ಮಟ್ಟವಾಗತೊಡಗಿದವು. ಹಲ್ಲುಗಳು ಬಂದವು. ಅವಳ ಕಾಲ ತುದಿಗೆ ಕಬ್ಬಿಣ ತಾಗಿತು, ದಾಟಿತು.

ಆಮೇಲೆ ನೆಲ. ನಡೆಯದ ನೆಲ.

ಎದುರಿಗೆ ಕೂಸಿನ ಬಿಳಿ ಅಂಗಿಗಳು ಸಾಲಾಗಿ ತೂಗುತ್ತಿದ್ದವು. ಪಾಲ್ಮೀರಾ ಕಾಲೂರಿ ನಿಂತು, ಲಂಗ ಕೊಡವಿಕೊಂಡು, ಚೀಲದಲ್ಲಿ ಸಲಾಮಿ ಇದೆಯೇ ಎಂದು ನೋಡಿದಳು. ಆಮೇಲೆ ತನ್ನ ಕೈ ನೋಡಿದಳು.

"ಮೇಲೆ ಬಂದ್ವಲ್ಲೇ ಮಗಳೇ. ಇನ್ನಾದ್ರೂ ಬಿಡು, ಬೆರಳು ನೋಯ್ತಿದೆ."

ತೆರ್ಸಿಲ್ಲಾ ಹಿಡಿದ ಕೈಯನ್ನು ಬಿಟ್ಟಳು.