ನಾಲ್ಕು ಬೆರಳ ಸಂದು

ಗಂಜಿಯಲ್ಲಿ ಅದ್ದಿ ಹಿಂಡಿದ ಬಿಳಿ ಬಟ್ಟೆಯ ಮೇಲೆ ಬಿಸಿ ಇಸ್ತ್ರಿಪೆಟ್ಟಿಗೆ ಇಟ್ಟಾಗ ಏಳುವ ಆ ವಾಸನೆ, ತಳ ಹಿಡಿದ ಅನ್ನದ ಹಾಗೆ, ಸ್ವಲ್ಪ ಸಿಹಿ, ಸ್ವಲ್ಪ ಹೊಗೆ — ವಿಚಾರಣೆ ಕಚೇರಿಯ ಈ ಪಡಸಾಲೆಗೆ ಅದು ಎಲ್ಲಿಂದ ಬಂತು, ಈಗಷ್ಟೇ ಎದುರಿಗೆ ಹಾದುಹೋದ ಗುಮಾಸ್ತನ ಅಂಗಿಯಿಂದಲೇ ಇರಬೇಕು, ಕಾಲರು ಹೇಗೆ ನಿಂತಿದೆ ನೋಡು, ಯಾರೋ ಅವನ ಮೇಲಿನ ಅಕ್ಕರೆಯಿಂದ ಉಜ್ಜಿದ್ದಾರೆ, ಎಂದುಕೊಂಡಳು ಕೀಲಿಯಕ್ಕ, ಎಂದುಕೊಳ್ಳುವಷ್ಟರಲ್ಲಿ ಏಳು ವರ್ಷದವಳಾಗಿ ಅಮ್ಮನ ಮೇಜಿನ ಕೆಳಗೆ ಕೂತಿದ್ದಳು, ಶನಿವಾರ, ಮೇಲೆ ಅಮ್ಮ ಚರ್ಚಿನ ಪೀಠದ ಬಟ್ಟೆ ಇಸ್ತ್ರಿ ಮಾಡುತ್ತಿದ್ದಾಳೆ, ದೇವರು ಕೆಲಸ ಮಾಡ್ತಾನೆ ಅಂತೀಯಲ್ಲಮ್ಮ, ಕಾಣೋದೇ ಇಲ್ವಲ್ಲ, ಅಮ್ಮ ಬಗ್ಗಿ ನೋಡಿ, ಪೆಟ್ಟಿಗೆ ಒಳಗಿನ ಕಾವು ನಿಂಗೆ ಕಾಣುತ್ತೇನೇ ತರಲೆ, ಸುಕ್ಕು ಹೋಗೋದು ಕಾಣುತ್ತಲ್ಲ, ಹಾಗೇ. ಐವತ್ತು ವರ್ಷ ಆ ಒಂದು ಮಾತಿನ ಮೇಲೆ ಬದುಕಿದ್ದಾಯಿತು. ಕಾವು. ಆ ಮಾತನ್ನು ಈಗ ಎಲ್ಲಿಡುವುದು, ಮುಷ್ಟಿಯಲ್ಲಿ ಜಾಗವಿಲ್ಲ, ಮುಷ್ಟಿಯಲ್ಲಿ ಕೀಲಿಯಿದೆ, ಬೆವರಿನಿಂದ ಜಾರುತ್ತಿದೆ, ಬೆಳಿಗ್ಗೆ ಕೊರಳಿಂದ ಬಿಚ್ಚುವಾಗ ಅದೇ ದಾರದಲ್ಲಿದ್ದ ಶಿಲುಬೆಯನ್ನು ಮಾತ್ರ ಮತ್ತೆ ಕಟ್ಟಿಕೊಂಡಳು, ಎರಡೂ ಒಟ್ಟಿಗೆ ಎದೆಗೆ ತಾಗುವುದನ್ನು ಇನ್ನು ಸಹಿಸಲಾಗುತ್ತಿರಲಿಲ್ಲ.

ಬೆಂಚಿನ ಆ ತುದಿಯಲ್ಲಿ ಗುಂಡಿಯ ಅಮ್ಮ. ತೊಡೆಯ ಮೇಲೆ ಊಟದ ಡಬ್ಬಿ. ಅತ್ತ ನೋಡಬಾರದು, ಗೋಡೆ ನೋಡು, ಗಡಿಯಾರ ನೋಡು, ಹನ್ನೆರಡಕ್ಕೆ ಹತ್ತು ನಿಮಿಷ, ಅಯ್ಯೋ ಅದೂ ಬೇಡ. ಆಸ್ಪತ್ರೆಗಳ ಹೊದಿಕೆ ಒಗೆಯುವ ಲಾಂಡ್ರಿ, ಇಪ್ಪತ್ತೆರಡು ವರ್ಷ ಇವಳು ಅಲ್ಲಿ ಮೇಲ್ವಿಚಾರಕಿ, ಸಾಬೂನಿನ ಕೋಣೆಯಿಂದ ಹಿಡಿದು ಎಲ್ಲದರ ಕೀಲಿ ಅವಳ ಹತ್ತಿರ, ಹಾಗಾಗಿ ಕೀಲಿಯಕ್ಕ, ಮತ್ತು ವೈದ್ಯರ ಕೋಟುಗಳಿಗೆ ಬಿದ್ದುಹೋದ ಗುಂಡಿ ಹಚ್ಚುವವಳು ಗುಂಡಿ, ಮುಖವೂ ಗುಂಡಗೇ. ಎರಡು ವರ್ಷದ ಕೆಳಗೆ ಹೊದಿಕೆ ಕಳುವಾಗತೊಡಗಿದಾಗ ಮ್ಯಾನೇಜರು, ಇನ್ಮೇಲೆ ಸಂಜೆ ಹೋಗುವಾಗ ಒಬ್ಬೊಬ್ಬರನ್ನೂ ಮೈ ತಡವಿ ನೋಡ್ಬೇಕು ಅಂದ, ಹೆಂಗಸರ ಮುಖ ಇಳಿದದ್ದನ್ನು ನೋಡಲಾಗದೆ ಇವಳೇ ಬಾಯಿ ಹಾಕಿದಳು, ಅದೊಂದು ಬೇಡ ಸಾರ್, ಇಸ್ತ್ರಿ ಕೋಣೆಯ ಹಿಂಬಾಗಿಲಿಗೆ ನಾನೇ ಬೀಗ ಹಾಕ್ತೀನಿ. ಇವಳೇ. ಯಾರೂ ಒತ್ತಾಯ ಮಾಡಿರಲಿಲ್ಲ. ಆವತ್ತು ಹೆಂಗಸರು ಸೇರಿ ಇವಳಿಗೊಂದು ಟೀ ತಂದುಕೊಟ್ಟಿದ್ದರು, ದೇವರು ನಿಮ್ಮ ಬಾಯಲ್ಲಿ ಮಾತಾಡಿದ ಕೀಲಿಯಕ್ಕ. ಅಂದಿನಿಂದ ಬೆಳಿಗ್ಗೆ ಎಲ್ಲರೂ ನಿಂತು ಪ್ರಾರ್ಥನೆ, ಕರ್ತನೇ, ಈ ಬಾಗಿಲು ನೀನೇ ಕಾಯಿ, ಆಮೆನ್, ಆಮೇಲೆ ಹೊರಗಿನವರಿಗೆ ಕಾಣದ ಒಳಬೀಗಕ್ಕೆ ಕೀಲಿ ತಿರುವುವುದು, ಟಕ್.

ಆ ಬಾಗಿಲಿನ ಕೆಳಗೆ ನಾಲ್ಕು ಬೆರಳ ಸಂದು. ಮಧ್ಯಾಹ್ನ ಹನ್ನೆರಡಕ್ಕೆ ಹಿಂದಿನ ಓಣಿಯಿಂದ ಗುಂಡಿಯ ಅಮ್ಮನ ಕೈ ಬಾಗಿಲು ಬಡಿಯುತ್ತದೆ, ಬಿಸಿ ಡಬ್ಬಿ ಸಂದಿನಿಂದ ಜಾರಿ ಒಳಗೆ ಬರುತ್ತದೆ, ಹೊಸ್ತಿಲಿಗೆ ಉಜ್ಜಿ ಉಜ್ಜಿ ಮುಚ್ಚಳದ ಒಂದು ಮೂಲೆ ತಗ್ಗಾಗಿದೆ, ಗುಂಡಿ ನೆಲಕ್ಕೆ ಕೆನ್ನೆಯಿಟ್ಟು ಕೂಗುತ್ತಾಳೆ, ಅಮ್ಮಾ ಇವತ್ತಾದ್ರೂ ಉಪ್ಪು ಹಾಕಿದ್ಯಾ, ಆಚೆಯಿಂದ, ಹಾಕಿದೀನಿ, ನಿನ್ನ ಬಾಯಿಗೂ ಒಂದು ಹಿಡಿ ಹಾಕ್ಲಾ, ಇಸ್ತ್ರಿ ಕೋಣೆಯೆಲ್ಲ ನಗು. ಇಬ್ಬರ ಮುಖವೂ ಇಬ್ಬರಿಗೂ ಕಾಣುವುದಿಲ್ಲ, ಬೆರಳು ಮಾತ್ರ.

ಆ ದಿನ ಪಾದ್ರಿಯ ಫೋನು ಬಂದಿತ್ತು, ನಿಮ್ಮ ಲಾಂಡ್ರಿಯ ಹೆಣ್ಣುಮಗಳಿಗೆ ಆಪರೇಷನ್ನು, ಹೆದರಿಕೊಂಡಿದ್ದಾಳೆ, ಬಂದು ಒಂದು ಪ್ರಾರ್ಥನೆ ಮಾಡಮ್ಮ. ಹೋಗುವುದು ಅರ್ಧ ಗಂಟೆ, ಕೀಲಿಯನ್ನು ಯಾರಿಗಾದರೂ ಕೊಟ್ಟುಹೋಗುವ ಅಂತ ಕೈ ಕೊರಳಿಗೆ ಹೋಗಿದ್ದೂ ನಿಜ, ಏನಾದರೂ ಕಳುವಾದರೆ ಅವರ ತಲೆಗೆ ಬರುತ್ತದಲ್ಲ ಪಾಪ, ಕೈ ವಾಪಸು ಬಂತು. ಗುಂಡಿ ಸೂಜಿ ಬಾಯಲ್ಲಿ ಕಚ್ಚಿಕೊಂಡೇ, ಅಕ್ಕಾ, ಹೆಂಗೂ ದೇವರ ಹತ್ರ ಮಾತಾಡ್ತೀರಲ್ಲ, ನಂಗೊಂದು ಗಂಡು ಕೇಳಿ, ಬೋಳುತಲೆ ಆದ್ರೂ ಪರವಾಗಿಲ್ಲ. ಕೇಳಿದಳು. ನಿಜವಾಗಿ ಕೇಳಿದಳು, ಆಸ್ಪತ್ರೆಯ ಮಂಚದ ಪಕ್ಕ ಮೊಣಕಾಲೂರಿ, ಕರ್ತನೇ, ನಮ್ಮ ಗುಂಡಿಯನ್ನೂ ನೆನೆ, ಎನ್ನುವಾಗ ಎದೆಗೆ ಕೀಲಿ ತಣ್ಣಗೆ ಒತ್ತುತ್ತಿತ್ತು, ಅದೇ ಹೊತ್ತಿಗೆ ಅಲ್ಲಿ ಲಾಂಡ್ರಿಯ ಒಣಗಿಸುವ ಯಂತ್ರದಲ್ಲಿ ಸೇರಿಕೊಂಡಿದ್ದ ನೂಲಿನ ಧೂಳಿಗೆ ಕಿಡಿ ತಾಗಿದೆ, ಉಳಿದವರೆಲ್ಲ ಮುಂಬಾಗಿಲಿಂದ ಹೊರಬಿದ್ದರು, ಡಬ್ಬಿಗಾಗಿ ಹಿಂಬಾಗಿಲ ಬಳಿ ಕಾದು ಕೂತಿದ್ದವಳು ಒಬ್ಬಳೇ ಬೆಂಕಿಯ ಆಚೆ ಉಳಿದಳು. ದೇವರು ನಿನ್ನ ಕೈ ಹಿಡಿದು ಹೊರಗೆ ಕರೆದನಮ್ಮ, ಏನೋ ಒಂದು ಉದ್ದೇಶ ಇದೆ, ಎಂದ ಪಾದ್ರಿ, ಒಳ್ಳೆಯವನು, ಗುಂಡಿಯ ಶವಪೆಟ್ಟಿಗೆಗೆ ತಾನೇ ಹೆಗಲು ಕೊಟ್ಟು ಅತ್ತವನು. ಕರೆದವನಿಗೆ ನನ್ನ ಕೊರಳು ಕಾಣಲಿಲ್ಲವೇ? ನನ್ನನ್ನು ಕರೆದುಕೊಂಡವನು ಕೀಲಿಯನ್ನು ಬಿಟ್ಟುಬಿಡಬಹುದಿತ್ತಲ್ಲ, ದಾರ ಹರಿಯಬಹುದಿತ್ತಲ್ಲ, ಹಳೇ ದಾರ, ಎಷ್ಟು ಸಲ ತಾನಾಗಿ ಹರಿದಿದೆ. ಅವನ ಕೆಲಸ ಅಂದರೆ ಎಲ್ಲವೂ ಅವನ ಕೆಲಸ, ಅಲ್ಲ ಅಂದರೆ — ಅಲ್ಲ ಅಂದರೆ ನನ್ನದು. ಬೀಗ ಹಾಕಿದ್ದು ಅವನಲ್ಲ. ಅವನ ಇಚ್ಛೆ ಅಂದುಬಿಟ್ಟರೆ ಎಷ್ಟು ಸುಲಭ, ಅವನ ಇಚ್ಛೆಯ ಹಿಂದೆ ಇಡೀ ನಾನು ಅವಿತುಕೊಳ್ಳಬಹುದು.

ಮ್ಯಾನೇಜರು ಒಂದೇ ಸಾಲು ಹೇಳಿಕೊಟ್ಟಿದ್ದಾನೆ, ಬಾಗಿಲು ಮುಚ್ಚಿತ್ತು, ಬೀಗ ಇರಲಿಲ್ಲ, ಅಷ್ಟೇ ಹೇಳಿ ಎದ್ದು ಬನ್ನಿ, ಚೌಕಟ್ಟು ಸಮೇತ ಕುಸಿದಿದೆ, ಬೀಗ ಯಾರಿಗೂ ಸಿಕ್ಕಿಲ್ಲ, ಆ ತಾಯಿ ಗಾಬರಿಗೆ ತಳ್ಳಿದ್ದಾಳೆ, ಹೊರಗಿಂದ ಎಳೀಬೇಕಾದ ಬಾಗಿಲು, ನಲವತ್ತು ಹೆಂಗಸರ ಕೆಲಸ ನಿಮ್ಮ ನಾಲಿಗೆ ಮೇಲಿದೆ. ನಲವತ್ತು ಹೆಂಗಸರೂ, ನಾವು ಬೀಗ ನೋಡಿಲ್ಲ ಅಂತ ಬರೆದುಕೊಟ್ಟಿದ್ದಾರೆ, ಕಣ್ಣು ತಗ್ಗಿಸಿ ಬರೆದುಕೊಟ್ಟಿದ್ದಾರೆ, ಟೀ ತಂದುಕೊಟ್ಟ ಕೈಗಳೇ. ಹೇಳಿದರೆ ಜೈಲು, ಹೇಳದಿದ್ದರೆ ಮನೆ, ಮನೆಗೆ ಹೋದರೆ ಅಲ್ಲೂ ಬಾಗಿಲ ಕೆಳಗೆ ಸಂದು, ಮೂರು ವಾರದಿಂದ ಬಟ್ಟೆ ತುರುಕಿ ಮುಚ್ಚಿ ಮಲಗುತ್ತಿದ್ದಾಳೆ, ದೇವರು ಆವತ್ತು ಆ ಬಾಗಿಲಿನ ಯಾವ ಕಡೆ ಇದ್ದ, ಒಳಗೋ, ಹೊರಗೋ —

ಅವಳ ಬೆರಳು ಹಿಡ್ಕೊಂಡಿದ್ದೆ.

ಯಾರು ಹೇಳಿದ್ದು, ಬೆಂಚಿನ ಆ ತುದಿ, ಗುಂಡಿಯ ಅಮ್ಮ, ಇವಳಿಗಲ್ಲ, ಡಬ್ಬಿಗೆ ಹೇಳುವ ಹಾಗೆ. ಸಂದಿಯಿಂದ ಬೆರಳು ಹೊರಗೆ ಹಾಕಿದ್ಲು, ಹಿಡ್ಕೊಂಡೆ, ಒಂದು ಕೈಲಿ ಅದನ್ನ ಹಿಡ್ಕೊಂಡು ಹೆಗಲಿಂದ ಬಾಗಿಲು ತಳ್ಳಿದೆ ತಳ್ಳಿದೆ, ಅವಳು ಒಳಗಿಂದ ತಳ್ತಿದ್ದಳಂತೆ, ನಾನು ಹೊರಗಿಂದ ತಳ್ತಿದ್ದೆ, ಅದಕ್ಕೇ ತೆರೀಲಿಲ್ಲವಂತೆ, ಮ್ಯಾನೇಜರು ಹೇಳಿದ್ರು, ನಾನು ತಳ್ಳದೇ ಇದ್ದಿದ್ರೆ ಅವಳೇ ತೆಗೆದುಕೊಂಡು ಬರ್ತಿದ್ಲಂತೆ, ಹೌದಾ? ನೀವು ದೇವರಿಗೆ ನಡ್ಕೊಳ್ಳೋರು, ಹೇಳಿ, ಹೌದಾ?

ಗುಮಾಸ್ತ ಹೊರಗೆ ಬಂದು, ಲಾಂಡ್ರಿ ಮೇಲ್ವಿಚಾರಕಿ ಯಾರಮ್ಮ, ಐದು ನಿಮಿಷದಲ್ಲಿ ಕರೀತಾರೆ, ಎನ್ನುತ್ತಾನೆ, ಗಂಜಿಯ ವಾಸನೆ, ಕಾವು, ಮುಷ್ಟಿ ತೆರೆದುಕೊಂಡಿದೆ, ಇವಳು ತೆರೆದದ್ದಲ್ಲ ಅನ್ನಿಸುತ್ತದೆ, ಇವಳೇ ತೆರೆದದ್ದು, ಕೀಲಿ ಬೆಂಚಿನ ಮೇಲೆ ಬಿದ್ದ ಸದ್ದು, ಎಳೆದಿದ್ರೂ ತೆರೀತಿರಲಿಲ್ಲ, ಎಂದಳು, ಬೀಗ ಹಾಕಿತ್ತು, ನಾನು ಹಾಕಿದ್ದು, ಕೀಲಿ ನನ್ನ ಹತ್ರ ಇತ್ತು.

ಬೀಗ ಇತ್ತಾ.

ಇತ್ತು.

ಒಳಗೂ ಹೀಗೇ ಹೇಳ್ತೀರಾ.

ಹೇಳ್ತೀನಿ.

ಗುಂಡಿಯ ಅಮ್ಮ ಗೋಡೆಯ ಕಡೆ ತಿರುಗಿದಳು. ಬೈಯಲಿ, ಹೊಡೆಯಲಿ, ಎದ್ದಾದರೂ ಹೋಗಲಿ, ಅವಳ ಬೆನ್ನು ಒಮ್ಮೆ ಕುಸಿದು ಉಸಿರು ತೆಗೆದುಕೊಂಡಿತು, ಮೂರು ವಾರದಲ್ಲಿ ಮೊದಲನೆಯದೋ ಎಂಬಂಥ ಉಸಿರು, ಗಡಿಯಾರ ಹನ್ನೆರಡಕ್ಕೆ ಬಂತು, ಈ ಹೊತ್ತಿಗೆ ದಿನವೂ ಕೈ ತಾನಾಗಿ ಡಬ್ಬಿ ತುಂಬಿಬಿಡುತ್ತದೇನೋ, ಇನ್ನೂ, ಯಾರಿಗೂ ಅಲ್ಲದೆ — ಆಮೇಲೆ, ಮುಖ ತಿರುಗಿಸದೆ, ಒಂದು ಕೈ ಹಿಂದಕ್ಕೆ ಬಂದು ಡಬ್ಬಿಯನ್ನು ಬೆಂಚಿನ ಮೇಲಿಟ್ಟು ಮೆಲ್ಲಗೆ ಇತ್ತ ತಳ್ಳಿತು, ಮರದ ಮೇಲೆ ಉಜ್ಜುವ ಅದೇ ಸದ್ದು, ಕೀಲಿಯನ್ನು ದಾಟಿ, ಜಾರಿ ಬಂದು ತೊಡೆಗೆ ತಾಗಿ ನಿಂತಿತು, ಇನ್ನೂ ಬಿಸಿ, ಮುಚ್ಚಳದ ಒಂದು ಮೂಲೆ ತಗ್ಗು, ಮತ್ತು ಅದನ್ನು ಬಿಟ್ಟಿರದ ನಾಲ್ಕು ಬೆರಳು.