ಸಲೂನಿನ ಬೆಂಚು

ಸಮಾಜದ ನೆಮ್ಮದಿಗೆ ಆಧಾರವಾದ ಗಂಭೀರ ವಿಷಯಗಳಲ್ಲಿ, ಸಲೂನಿನಲ್ಲಿ ಕಾಯುವವರ ಬೆಂಚು ಎಲ್ಲಿರಬೇಕು ಎಂಬುದಕ್ಕೆ ಸಲ್ಲಬೇಕಾದ ಮರ್ಯಾದೆ ಇನ್ನೂ ಸಂದಿಲ್ಲ. ದೊಡ್ಡ ದೊಡ್ಡವರೆಲ್ಲ ಅದರ ಮೇಲೆ ಕೂತು ಎದ್ದುಹೋಗಿದ್ದಾರೆಯೇ ಹೊರತು ಯಾರೂ ಅದರ ಬಗ್ಗೆ ಒಂದು ಸಾಲು ಬರೆದಿಲ್ಲ.

ಆರ್ಕಿಟೆಕ್ಟ್ ಹಳೆಯ ಯಜಮಾನರ ಕಚೇರಿ ಬಿಟ್ಟು ಸ್ವಂತ ಬೋರ್ಡು ತಗುಲಿಸಿದ್ದ. ಅದರ ನೆರಳಿಗೆ ಬೀದಿನಾಯಿ ಬಿಟ್ಟರೆ ಇನ್ಯಾರೂ ಬಂದಿರಲಿಲ್ಲ. ಕೊನೆಗೆ ಸಿಕ್ಕ ಮೊದಲ ಗಿರಾಕಿ ಎಂದರೆ, ಅವನು ಚಿಕ್ಕಂದಿನಿಂದ ತಲೆ ಕೊಡುತ್ತಾ ಬಂದಿದ್ದ ಕ್ಷೌರಿಕ. ಬಾಡಿಗೆ ಅಂಗಡಿಯಿಂದ ಸ್ವಲ್ಪ ಆಚೆ ಆತ ಸ್ವಂತ ಜಾಗ ಕೊಂಡಿದ್ದ. ಅಲ್ಲಿ ಹೊಸ ಸಲೂನು ಏಳಬೇಕಿತ್ತು.

"ಇದೂ ಕೈತಪ್ಪಿದರೆ ಬೋರ್ಡು ಇಳಿಸಿ ಯಜಮಾನರ ಬಾಗಿಲಿಗೇ ವಾಪಸ್ ಹೋಗು, ಮಾರಾಯ" ಎಂದು ಆರ್ಕಿಟೆಕ್ಟನ ಅಕ್ಕ ಮೊದಲೇ ಹೇಳಿಟ್ಟಿದ್ದಳು.

ಕಟ್ಟಿಸುವವರ ಬೇಕು ಬೇಡ ಕೇಳದೆ ಪೆನ್ಸಿಲ್ ಮುಟ್ಟಬಾರದು ಎಂಬುದು ಅವನು ಕಲಿತ ಪಾಠ. ಹಾಗಾಗಿ ಕೇಳಿದ. ಕುರ್ಚಿಯಲ್ಲಿ ಕೂತು, ಕೊರಳಿಗೆ ಬಟ್ಟೆ ಕಟ್ಟಿಸಿಕೊಂಡು, ಕತ್ತರಿಯ ಸದ್ದಿನ ನಡುವೆ ಕೇಳಿದ.

"ಕಾಯೋರಿಗೆ ಬೇರೆ ರೂಮು ಮಾಡೋಣ್ವಾ? ಮಧ್ಯೆ ಗಾಜಿನ ಬಾಗಿಲು?"

"ಮಾಡೋಣ ಸಾರ್."

"ಅಲ್ಲಿ ಬೆಂಚು ಬೇಡ, ಸೋಫಾ."

"ಸೋಫಾನೇ ಸರಿ ಸಾರ್. ತಲೆ ಸ್ವಲ್ಪ ಬಗ್ಗಿಸಿ."

ಇಂಥ ಗಿರಾಕಿ ಸಿಗಲು ಪುಣ್ಯ ಮಾಡಿರಬೇಕು ಎಂದುಕೊಂಡ ಆರ್ಕಿಟೆಕ್ಟ್. ಸಂಶಯ ಬಂದಾಗಲೆಲ್ಲ ಮತ್ತೆ ಹೋಗಿ ಕುರ್ಚಿ ಹತ್ತಿದ. ಮೂರನೆಯ ಸಭೆಯ ಹೊತ್ತಿಗೆ ಕತ್ತರಿಸಲು ಅವನ ತಲೆಯಲ್ಲಿ ಹೆಚ್ಚೇನೂ ಉಳಿದಿರಲಿಲ್ಲ.

ನಕ್ಷೆ ತಯಾರಾಯಿತು. ಕ್ಷೌರಿಕ ಅದನ್ನು ಎರಡು ಕೈಯಲ್ಲೂ ಹಿಡಿದು "ಬಹಳ ಚೆನ್ನಾಗಿದೆ ಸಾರ್" ಎಂದ. ಒಪ್ಪಿಗೆಯ ಸಹಿ ಮಾತ್ರ ಹಾಕಲಿಲ್ಲ. ಒಂದು ದಿನ ಕನ್ನಡಕ ಮನೆಯಲ್ಲಿತ್ತು. ಇನ್ನೊಂದು ದಿನ ಕೈಯೆಲ್ಲ ಸೋಪಾಗಿತ್ತು. ಆಮೇಲೆ ಅಕ್ಕ ಸುದ್ದಿ ತಂದಳು: ನಕ್ಷೆ ಗಿಕ್ಷೆ ಏನೂ ಬೇಡ, ಈಗಿನ ಅಂಗಡಿ ಹೇಗಿದೆಯೋ ಹಾಗೇ ಕಟ್ಟಿಕೊಡ್ತೀಯಾ ಎಂದು ಆತ ಒಬ್ಬ ಮೇಸ್ತ್ರಿಯನ್ನು ಕೇಳಿದ್ದಾನಂತೆ.

ಆರ್ಕಿಟೆಕ್ಟ್ ನಕ್ಷೆ ಕಂಕುಳಲ್ಲಿಟ್ಟುಕೊಂಡು ಅಂಗಡಿಗೆ ಓಡಿದ. ಕ್ಷೌರಿಕ ಬಿಸಿನೀರು ತರಲು ಒಳಗೆ ಹೋಗಿದ್ದ. ಅವನ ಹೆಂಡತಿ ಟವೆಲ್ ಮಡಚುತ್ತಿದ್ದಳು. ಬೆಂಚಿನ ಮೇಲೆ, ಕೂದಲು ಉದುರಿಹೋದ ಮೇಲೂ ದಿನಾ ಬರುತ್ತಿದ್ದ ನಿವೃತ್ತ ಮೇಷ್ಟ್ರು ಕೂತಿದ್ದರು.

"ಎಲ್ಲಾ ಅವರನ್ನ ಕೇಳಿಯೇ ಮಾಡಿದ್ದು ಅಮ್ಮಾ" ಎಂದ ಆರ್ಕಿಟೆಕ್ಟ್. " ಒಂದಕ್ಕೂ ಬೇಡ ಅನ್ನಲಿಲ್ಲ."

"ಎಲ್ಲಿ ಕೂತು ಕೇಳಿದೆಯಪ್ಪಾ?"

"ಇದೇ ಕುರ್ಚಿಲಿ."

ಅವಳು ಟವೆಲ್ಲಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. "ಆ ಕುರ್ಚಿಲಿ ಕೂತೋರಿಗೆ ಇವರು ಇಲ್ಲ ಅಂದಿದ್ದನ್ನ ನಾನು ಕಂಡಿಲ್ಲ. ಮೊನ್ನೆ ಒಬ್ಬರು ಭೂಮಿ ಚಪ್ಪಟೆ ಅಂದ್ರು. ಇವರು ಹೌದು ಸಾರ್ ಅಂದ್ರು. ಕೊರಳ ಹತ್ರ ಕತ್ತಿ ಹಿಡ್ಕೊಂಡು ವಾದ ಮಾಡೋಕಾಗುತ್ತಾ?"

"ಅವರ ಹಿಂದೆ ಬಂದೋರು ಗುಂಡಗಿದೆ ಅಂದ್ರು" ಎಂದರು ಮೇಷ್ಟ್ರು. "ಅದಕ್ಕೂ ಹೌದು."

ಆರ್ಕಿಟೆಕ್ಟ್ ತನ್ನ ಬೋಳುತಲೆ ಸವರಿಕೊಂಡ. ಅಷ್ಟರಲ್ಲಿ ಕ್ಷೌರಿಕ ಹೊರಗೆ ಬಂದ.

"ಯಜಮಾನ್ರೇ, ಕುರ್ಚಿಲಿ ಕೂತ್ಕೊಳ್ಳಿ" ಎಂದ ಆರ್ಕಿಟೆಕ್ಟ್.

"ನಾನಾ?"

"ನೀವೇ."

ಇಷ್ಟು ವರ್ಷ ಆ ಕುರ್ಚಿಯ ಹಿಂದೆ ನಿಂತಿದ್ದವನು ನೆಂಟರ ಮನೆಯಲ್ಲಿ ಕೂರುವಂತೆ ಅಂಚಿನಲ್ಲಿ ಕೂತ. ಆರ್ಕಿಟೆಕ್ಟ್ ಅವನ ಕೊರಳಿಗೆ ಬಟ್ಟೆ ಕಟ್ಟಿ, ಕತ್ತರಿಗೆ ಬದಲು ಪೆನ್ಸಿಲ್ ಹಿಡಿದು ಹಿಂದೆ ನಿಂತ. ಏನನ್ನೂ ಕೇಳಲಿಲ್ಲ. ಆ ಕುರ್ಚಿಯ ಗುಣವೇ ಅಂಥದ್ದು. ಕೂತವನಿಗೆ ಅಭಿಪ್ರಾಯಗಳು ತಾವಾಗಿಯೇ ಹುಟ್ಟುತ್ತವೆ.

"ಸೆಕೆ ಜಾಸ್ತಿ ಆಯ್ತು" ಎಂದ ಕ್ಷೌರಿಕ.

"ಹೌದು."

"ಆ ಬೇರೆ ರೂಮು ಬೇಡ."

"ಹೌದಾ?"

"ಕನ್ನಡೀಲಿ ನೋಡಿ. ಬೆಂಚು ಕಾಣುತ್ತೆ, ಮೇಷ್ಟ್ರು ಕಾಣ್ತಾರೆ. ಕುರ್ಚಿಲಿ ಕೂತೋರು ಏನೋ ಹೇಳ್ತಾರೆ, ನಾನು ಹೌದು ಅಂತೀನಿ, ಬೆಂಚಿನೋರು ಅಲ್ಲ ಅಂತಾರೆ. ಅಂಗಡಿ ನಡೆಯೋದೇ ಹಾಗೆ. ಅವರನ್ನ ಗಾಜಿನ ಆಚೆ ಕೂರಿಸಿದ್ರೆ ದಿನಪೂರ್ತಿ ನಾನೊಬ್ಬನೇ ಹೌದು ಅಂತಾ ಇರಬೇಕು."

"ಹಾಗೇನಿಲ್ಲ" ಎಂದರು ಮೇಷ್ಟ್ರು, ಅಭ್ಯಾಸಬಲದಿಂದ.

ಆರ್ಕಿಟೆಕ್ಟ್ ನಕ್ಷೆಯ ಬೆನ್ನ ಮೇಲೆ ಹೊಸದಾಗಿ ಗೀಚತೊಡಗಿದ. ಗಾಜಿನ ಬಾಗಿಲು ಹೋಯಿತು, ರೂಮು ಹೋಯಿತು, ಸೋಫಾ ಹೋಯಿತು. ಮುಂಬಾಗಿಲ ಪಕ್ಕದ ಡೊಂಕು ಗೋಡೆ ಮಾತ್ರ ಉಳಿಯಿತು. ಕನ್ನಡಿ ಗೋಡೆಯ ಉದ್ದಕ್ಕೂ ಹರಡಿತು. ಅದರ ಮೇಲೆ ಎತ್ತರದಲ್ಲಿ ಒಂದು ಉದ್ದನೆಯ ಕಿಟಕಿ ಬರೆದ.

"ಇಲ್ಲಿಂದ ಹಗಲ ಬೆಳಕು ನೇರ ತಲೆ ಮೇಲೆ ಬೀಳುತ್ತೆ. ಈಗ ನನ್ನ ಕುತ್ತಿಗೆ ಹಿಡಿದು ದೀಪದ ಕಡೆ ತಿರುಚ್ತಾ ಇರ್ತೀರಲ್ಲ, ಅದು ತಪ್ಪುತ್ತೆ."

ಕ್ಷೌರಿಕ ಮುಂದಕ್ಕೆ ಬಾಗಿ ನೋಡಿದ. "ಇದು ನಂಗೆ ಹೊಳೆದೇ ಇರಲಿಲ್ಲ. ಕಿಟಕಿ ಬೇಕು. ಬಾಗಿಲ ಪಕ್ಕದ ಈ ಡೊಂಕು ಗೋಡೆ ಬೇಡ."

ಆ ಡೊಂಕು ಗೋಡೆಯ ಮೇಲೆ ಆರ್ಕಿಟೆಕ್ಟನಿಗೆ ಪ್ರಾಣ. ಅವನು ಪೆನ್ಸಿಲ್ ಕೆಳಗಿಟ್ಟ. ಕ್ಷೌರಿಕನ ಕೊರಳ ಬಟ್ಟೆ ಬಿಚ್ಚಿದ.

"ಇದೂ ಕುರ್ಚಿಲಿ ಕೂತು ಹೇಳಿದ ಮಾತು. ಎದ್ದು ನಿಂತು ಇನ್ನೊಂದ್ಸಲ ಹೇಳಿ."

ಕ್ಷೌರಿಕ ಎದ್ದ. ಗಂಟಲು ಸರಿಮಾಡಿಕೊಂಡ. "ಗೋಡೆ ಬೇಡ ಸಾರ್."

"ಅಂದೇಬಿಟ್ರು" ಎಂದಳು ಹೆಂಡತಿ.

ಗೋಡೆಯನ್ನು ಅಳಿಸಲಾಯಿತು. ಕನ್ನಡಕ ಜೇಬಿನಲ್ಲೇ ಇತ್ತು. ಅಂದೇ ಸಹಿ ಬಿತ್ತು.

ಹೊಸ ಸಲೂನಿನಲ್ಲಿ ಬೆಂಚು ಕುರ್ಚಿಗಳ ಹಿಂದೆ, ಕನ್ನಡಿಗೆ ಎದುರಾಗಿದೆ. ಆರ್ಕಿಟೆಕ್ಟ್ ಬೋರ್ಡು ಇಳಿಸಲಿಲ್ಲ.